ಜೆರ್ಸೀನಾಳ ಬೆಂಕಿಗೆರೆ

ಶನಿವಾರ ಮಧ್ಯಾಹ್ನ ನಮ್ಮೂರಿನ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಂಡು ಅಂಗಳದಲ್ಲಿ ಕೂದಲು ಆರಿಸಿಕೊಳ್ಳುವ ಹೊತ್ತಿಗೆ, ಜೆರ್ಸೀನಾ ತನ್ನ ಮಗಳ ಬೆನ್ನು ನೋಡುತ್ತಿದ್ದಳು. ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸಿ ಕೂರಿಸುವುದು, ಅಂಗಿ ಇಳಿಸುವುದು, ಕುತ್ತಿಗೆಯಿಂದ ಸೊಂಟದ ತನಕ ಕಣ್ಣಾಡಿಸುವುದು, ಆಮೇಲೆ ಎದೆ, ಆಮೇಲೆ ಮುಖ. ಕಾಳಿನಲ್ಲಿ ಕಲ್ಲು ಆರಿಸುವವಳ ಹಾಗೆ ನೋಡುತ್ತಿದ್ದಳು. ಎಲ್ಲಾದರೂ ಒಂದು ಗುಳ್ಳೆ ಕಂಡಿತೋ, ಬೆರಳು ಅಲ್ಲೇ ನಿಲ್ಲುತ್ತಿತ್ತು. ಅದು ಬರೀ ಬೆವರುಸಾಲೆ ಎಂದು ಖಾತ್ರಿಯಾಗುವವರೆಗೆ ಅವಳು ಉಸಿರು ಬಿಡುತ್ತಿರಲಿಲ್ಲ.

"ಸಂತೇಲಿ ಹಸು ಕೊಳ್ಳೋರೂ ಇಷ್ಟು ನೋಡಲ್ಲ ಕಣೇ!" ಎಂದು ಅವಳ ಗಂಡ ಒನೊಫ್ರೆ ಅಂಗಳದಿಂದ ಕೂಗುತ್ತಿದ್ದ. ದನ ಕಾಯುವವನು, ಅವನಿಗೆ ಎಲ್ಲವೂ ದನದ ಲೆಕ್ಕವೇ.

"ಅಮ್ಮಾ, ಸಾಕು ಬಿಡೇ, ನಾಚಿಕೆ ಆಗುತ್ತೆ," ಎಂದು ಮಗಳು ಝುಲ್ಮೀರಾ ಗೊಣಗುತ್ತಿದ್ದಳು.

ಊರೂ ನಗುತ್ತಿತ್ತು. ನಾನು ಮಾತ್ರ ನಗಲಿಲ್ಲ. ನಾನು ಒಲಿಂಪಿಯಾ, ಈ ಊರಿನ ದರ್ಜಿ. ಝುಲ್ಮೀರಾಳನ್ನು ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಎತ್ತಿ ಹಿಡಿದವಳು ನಾನೇ. ಅಂದಿನಿಂದ ಆ ಹುಡುಗಿಗೆ ನಾನು ಜ್ಞಾನಮ್ಮ. ಅವಳ ತಾಯಿಗೂ ನನಗೂ ಒಬ್ಬರಿಗೊಬ್ಬರು ಕೊಮಾದ್ರೆ, ಅಂದರೆ ಒಂದೇ ಮಗುವಿಗೆ ಇಬ್ಬರು ತಾಯಂದಿರು. ಒಡಹುಟ್ಟಿದವರ ಜೊತೆಯಾದರೂ ಜಗಳವಾಡಿ ಮಾತು ಬಿಡಬಹುದು, ಕೊಮಾದ್ರೆಯ ಜೊತೆ ಬಿಡುವ ಹಾಗಿಲ್ಲ. ಅವಳು ಮಗಳ ಬೆನ್ನಿನ ಮೇಲೆ ಏನು ಹುಡುಕುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಕಾಡ್ಗಿಚ್ಚು.

ಗೊಯಾಸ್ ಸೀಮೆಯಲ್ಲಿ ಈ ಹೆಸರು ಕೇಳಿದರೆ ಈಗಲೂ ಜನ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಮೊದಲು ಎದೆಯ ಮೇಲೋ ಮುಖದ ಮೇಲೋ ಒಂದು ನೀರುಗುಳ್ಳೆ. ಅದು ಒಡೆದು ಹಕ್ಕಳೆಗಟ್ಟುತ್ತದೆ, ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ನೋಡನೋಡುತ್ತಿದ್ದಂತೆ ಮೈತುಂಬ ಹರಡುತ್ತದೆ. ಚರ್ಮ ಪದರ ಪದರವಾಗಿ ಏಳುತ್ತದೆ, ಬಿಸಿಲು ತಾಗಿದರೆ ಸುಡುತ್ತದೆ, ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ. ಆಗಸ್ಟಿನಲ್ಲಿ ಒಣಹುಲ್ಲಿನ ಬಯಲಿಗೆ ಬೆಂಕಿ ಬಿದ್ದಾಗ ಅದು ಹೇಗೆ ಓಡುತ್ತದೋ ಹಾಗೆಯೇ ಇದೂ ಓಡುವುದರಿಂದ ಹಿರಿಯರು ಇದಕ್ಕೆ ಆ ಹೆಸರಿಟ್ಟರು. ಹೆಸರಿಟ್ಟವರಿಗೆ ಕಣ್ಣಿತ್ತು. ಆದರೆ ಆ ಹೆಸರೇ ಜೆರ್ಸೀನಾಳನ್ನು ಎಷ್ಟು ಕಾಡಿತು ಎಂಬುದನ್ನು ಹೇಳಬೇಕೆಂದೇ ಇಷ್ಟೆಲ್ಲ ಪೀಠಿಕೆ.

ಜೆರ್ಸೀನಾಳ ತಾಯಿ ಸತ್ತದ್ದು ಅದರಿಂದಲೇ. ನಾವಿಬ್ಬರೂ ಆಗ ಚಿಕ್ಕವರು. ಹಾಸಿಗೆಯ ಬಟ್ಟೆ ಮೈಗೆ ಅಂಟುತ್ತದೆಂದು ಆಕೆಯನ್ನು ಬಾಳೆಎಲೆಯ ಮೇಲೆ ಮಲಗಿಸುತ್ತಿದ್ದರು. ಎಲೆ ಬಾಡಿದಂತೆ ಹೊಸ ಎಲೆ ಕುಯ್ದು ತರುವುದು ಜೆರ್ಸೀನಾಳ ಕೆಲಸ. ಇವತ್ತಿಗೂ ಬಾಳೆಎಲೆ ಹರಿಯುವ ಸದ್ದು ಕೇಳಿದರೆ ನನಗೆ ಆ ಮನೆಯ ವಾಸನೆ ಬರುತ್ತದೆ. ಅವಳಿಗೆ ಏನು ಬರುತ್ತಿತ್ತೋ, ನಾನು ಯಾವತ್ತೂ ಕೇಳಲಿಲ್ಲ.

ತಾಯಿ ಬಿಟ್ಟುಹೋದದ್ದು ಹಳ್ಳದ ದಂಡೆಯಲ್ಲಿ ಹುಲ್ಲು ಹೊದಿಸಿದ ಒಂದು ಕೆಲಸದ ಕೊಟ್ಟಿಗೆ, ಮರಗೆಣಸು ತುರಿಯುವ ಒಂದು ಚಕ್ರ, ಮರದ ತೊಟ್ಟಿಗಳು. ನಮ್ಮ ಹಳ್ಳದ ಹೆಸರು ಫ್ರೆಸ್ಕಾ, ಅಂದರೆ ತಂಪಿನವಳು. ಊರಿಗೂ ಅದೇ ಹೆಸರು. ಗೆಣಸಿನ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ, ಹರಿಯುವ ನೀರು ಹಾಯಿಸಿ ಹಾಯಿಸಿ ಹಿಂಡಿದರೆ ತೊಟ್ಟಿಯ ತಳದಲ್ಲಿ ಬೆಳ್ಳನೆಯ ಗಂಜಿಹಿಟ್ಟು ಕೂರುತ್ತದೆ. ಅದನ್ನು ಬಿಸಿಲಿಗೆ ಒಣಗಿಸಿ, ಚೀಸು ಮೊಟ್ಟೆ ಹಾಕಿ ನಾದಿ ಸುಟ್ಟರೆ ಬಿಸ್ಕತ್ತು. ಜೆರ್ಸೀನಾಳ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತಿತ್ತು, ಅಗಿಯುವ ಕಷ್ಟ ಕೂಡ ಕೊಡುತ್ತಿರಲಿಲ್ಲ. ಪಕ್ಕದೂರಿನವರು ಕಾಫಿ ಕಾಯಿಸಿಟ್ಟು ಅವಳ ಬುಟ್ಟಿಗಾಗಿ ಕಾಯುತ್ತಿದ್ದರು. ನೀರಿನ ಪಕ್ಕದಲ್ಲೇ ಅವಳ ಬದುಕು. ಬೆಳಗಿನಿಂದ ಸಂಜೆಯ ತನಕ ತೋಳು ಮಡಚಿ, ಕಾಲು ಇಳಿಬಿಟ್ಟು.

ಝುಲ್ಮೀರಾ ಇನ್ನೂ ಹಲ್ಲು ಉದುರುವ ವಯಸ್ಸಿನಲ್ಲಿದ್ದಾಗ, ಮಳೆ ಮುಗಿಯುತ್ತಿದ್ದ ಕಾಲದಲ್ಲಿ, ಜೆರ್ಸೀನಾ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತು ಅಂಗಿಯ ಗುಂಡಿ ಬಿಚ್ಚಿದಳು. ಎದೆಯ ನಡುವೆ ಒಂದು ಗುಳ್ಳೆ.

"ಒಲೆ ಕಿಡಿ ಹಾರಿರಬೇಕು ಅಲ್ವಾ ಕೊಮಾದ್ರೆ?" ಎಂದಳು.

"ಹೂಂ, ಕಿಡೀನೇ," ಎಂದೆ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹದಿನೈದು ದಿನದಲ್ಲಿ ಅದು ಬೆನ್ನು ದಾಟಿ ಮುಖಕ್ಕೆ ಬಂತು.

ಊರಿನಲ್ಲಿ ಮಂತ್ರ ಹಾಕುವ ಅಲ್ಮೆರಿಂದಾ ಅಜ್ಜಿ ಬಂದಳು. ಮಕ್ಕಳ ದೃಷ್ಟಿ ತೆಗೆಯುವುದರಿಂದ ಹಿಡಿದು ಹೆರಿಗೆಯ ತನಕ ಎಲ್ಲಕ್ಕೂ ಅವಳೇ ಕೈ. ಒಳ್ಳೆಯ ಮುದುಕಿ. ಬೈಗುಳವೂ ಪ್ರಾರ್ಥನೆಯೂ ಒಂದೇ ಉಸಿರಿನಲ್ಲಿ ಬರುತ್ತಿತ್ತು. "ಕಿಚ್ಚು ಹತ್ತಿದ್ರೆ ಏನು ಮಾಡ್ತಾರೇ? ನೀರು ಹಾಕ್ತಾರೆ. ಫ್ರೆಸ್ಕಾ ಇರೋದು ಯಾಕೆ ಮತ್ತೆ?" ಎಂದಳು. ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಸಲ, ಇಳಿಯುವ ಹೊತ್ತಿಗೆ ಒಂದು ಸಲ ಹಳ್ಳದಲ್ಲಿ ಕೂರಬೇಕು. ಮೇಲೆ ಬಂದು ಕಲ್ಲಿನ ಮೇಲೆ ಬಾಳೆಎಲೆ ಹಾಸಿ, ನೀರು ತಾನಾಗಿ ಆರುವ ತನಕ ಬರಿಮೈಯಲ್ಲಿ ಕೂರಬೇಕು. ಒರೆಸಬಾರದು. ನಮ್ಮ ಕಡೆ ತಲೆತಲಾಂತರದಿಂದ ಇದೇ ಮದ್ದು.

ನಾವು ನಾಲ್ಕು ಜನ ಹೆಂಗಸರು ಹಗ್ಗದ ಮಂಚದ ಮೇಲೆ ಅವಳನ್ನು ಹೊತ್ತು ಒಯ್ಯುತ್ತಿದ್ದೆವು. ನೀರಿಗಿಳಿದಾಗ ಅವಳ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿಗೆ ಯಾರು ತಾನೇ ಇಲ್ಲ ಅನ್ನಲಾದೀತು? "ಅಬ್ಬಾ" ಅನ್ನುತ್ತಿದ್ದಳು, ಕಣ್ಣು ಮುಚ್ಚಿ. ಕಲ್ಲಿನ ಮೇಲೆ ಕೂತಾಗ ಕರಿನೊರಜು ಮುತ್ತಿಕೊಳ್ಳುತ್ತಿತ್ತು. ನಮ್ಮ ಹಳ್ಳದಲ್ಲಿ ನೊರಜು ಇಲ್ಲದ ದಿನವೇ ಇಲ್ಲ; ಎಳ್ಳಿನಷ್ಟು ಗಾತ್ರ, ಕಚ್ಚಿದ ಕಡೆ ಒಂದು ರಕ್ತದ ಚುಕ್ಕೆ. ಬೀಸಿ ಓಡಿಸುತ್ತಿದ್ದೆವು. ಅದೇನು ದೊಡ್ಡ ವಿಷಯವೆಂದು ಯಾರಿಗನ್ನಿಸೀತು?

ಕಿಚ್ಚು ಆರಲಿಲ್ಲ. ಕೊನೆಗೆ ಒನೊಫ್ರೆ ಹಾಲಿನ ಲಾರಿಯವನ ಕಾಲು ಹಿಡಿದು ಅವಳನ್ನು ನಗರದ ಆಸ್ಪತ್ರೆಗೆ ಸಾಗಿಸಿದ. ಆ ಪುಣ್ಯಾತ್ಮ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಲು ಒಪ್ಪದೆ ಹಿಂದೆ ಖಾಲಿ ಕ್ಯಾನುಗಳ ನಡುವೆ ಹತ್ತಿಸಿದ, ಮಾರನೆಯ ದಿನ ಲಾರಿ ತೊಳೆಸಿದ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಂಟುವುದಾಗಿದ್ದರೆ ಮೊದಲು ನನಗೆ ಅಂಟಬೇಕಿತ್ತು. ಅದನ್ನು ಆ ಲಾರಿಯವನಿಗೆ ನಾನು ಎಷ್ಟು ಸಲ, ಯಾವ ಯಾವ ಮಾತಿನಲ್ಲಿ ಹೇಳಿದ್ದೇನೆ ಎಂಬುದು ಇಗರ್ಜಿಯ ಪಾದ್ರಿಗೂ ಗೊತ್ತು.

ಆಸ್ಪತ್ರೆಯಿಂದ ಅವಳು ಮುಖ ಉಬ್ಬಿಸಿಕೊಂಡು ಬಂದಳು. ಅದು ಮಾತ್ರೆಯ ಗುಣವಂತೆ. ಒನೊಫ್ರೆ ಅವಳ ಕೆನ್ನೆ ಹಿಡಿದು, "ನಿನ್ನ ಬಿಸ್ಕತ್ತೂ ಇಷ್ಟು ಚೆನ್ನಾಗಿ ಉಬ್ಬಲ್ಲ ಕಣೇ," ಎಂದ. ಆದರೆ ಚರ್ಮ ಕೂಡಿತ್ತು. ಅದೇ ವಾರದಿಂದ ಮಗಳ ಬೆನ್ನು ನೋಡುವುದು ಶುರುವಾಯಿತು. ತಾಯಿಗೆ ಬಂತು, ತನಗೆ ಬಂತು. ಮುಂದಿನ ಸರದಿ ಯಾರದೆಂದು ಅವಳೇ ಲೆಕ್ಕ ಹಾಕಿಕೊಂಡಿದ್ದಳು.

ವಾಸಿಯಾದ ಮೇಲೂ ಹಳ್ಳ ಬಿಡಬಾರದೆಂದು ಅಜ್ಜಿ ಹೊರಿಸಿದ್ದ ಹರಕೆ ತೀರಿಸಲು ಮತ್ತೆ ಹಳ್ಳದಲ್ಲಿ ಕೂತಳು. ಅಜ್ಜಿಯ ಮಾತು, ಮೀರುವ ಹಾಗಿಲ್ಲ. ಅದೂ ಅಲ್ಲದೆ, ಮಾತ್ರೆಯ ಜೊತೆಗೆ ದಿನಾ ಸ್ನಾನ ಮಾಡಬೇಕು ಎಂದು ಆಸ್ಪತ್ರೆಯವರೇ ಹೇಳಿ ಕಳಿಸಿದ್ದರು. ಮಳೆ ಬಂತು, ಮಳೆ ಹೋಯಿತು, ಕಿಚ್ಚು ತಿರುಗಿ ಬಂತು. ಮತ್ತೆ ಆಸ್ಪತ್ರೆ, ಮತ್ತೆ ಉಬ್ಬಿದ ಮುಖ, ಮತ್ತೆ ಹಳ್ಳ. ಹೀಗೆಯೇ ವರ್ಷಗಳು ಹೋದವು. ಝುಲ್ಮೀರಾ ದೊಡ್ಡವಳಾದಳು, ಅಮ್ಮ ಇಲ್ಲದಾಗಲೆಲ್ಲ ಕೊಟ್ಟಿಗೆ ನೋಡಿಕೊಳ್ಳುತ್ತ ಅಮ್ಮನಿಗಿಂತ ಚುರುಕಾದಳು.

ಒಂದು ಸಲ ಒನೊಫ್ರೆಗೆ ಮೈ ಹುಷಾರಿರಲಿಲ್ಲ, ಅವಳ ಜೊತೆ ಆಸ್ಪತ್ರೆಗೆ ನಾನು ಹೋದೆ. ಹೊಸ ಡಾಕ್ಟರಮ್ಮ ಬಂದಿದ್ದರು, ಇವೋನೆ ಎಂದು ಹೆಸರು. ಕೂದಲು ಗಿಡ್ಡ, ಮಾತು ನಿಧಾನ. ಹಳೆಯ ಕಾಗದವನ್ನೆಲ್ಲ ನೋಡಿ ಮುಗಿಸಿ, ತಲೆಯೆತ್ತಿ ಕೇಳಿದರು.

"ಜೆರ್ಸೀನಾ ಅವರೇ, ಇಲ್ಲಿರುವಾಗ ವಾಸಿಯಾಗುತ್ತೆ, ಮನೆಗೆ ಹೋದ್ರೆ ಬರುತ್ತೆ. ಮಾತ್ರೆ ಸರಿಯಾಗಿ ತಗೋತೀರಾ?"

"ಒಂದೂ ತಪ್ಪಿಸಲ್ಲ."

"ಸ್ನಾನ?"

"ನೀವೇ ಹೇಳಿದ್ದಲ್ವಾ? ದಿನಕ್ಕೆ ಎರಡು ಸಲ."

"ಎಲ್ಲಿ?"

"ಎಲ್ಲಿ ಅಂದ್ರೆ?" ಜೆರ್ಸೀನಾಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಳ್ಳದಲ್ಲಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಹಳ್ಳ ಹೇಗೆ ಹರಿಯುತ್ತದೆ, ಕಲ್ಲಿದೆಯೇ, ಎಷ್ಟು ಹೊತ್ತು ಕೂರುತ್ತೀರಿ, ನೊರಜು ಇದೆಯೇ ಎಂದು ಒಂದೊಂದಾಗಿ ಕೇಳಿದರು. ಕೇಳುತ್ತ ಕೇಳುತ್ತ ಅವರ ಕಿವಿ ಕೆಂಪಗಾದವು. "ಸ್ನಾನ ಮಾಡಿ ಅಂತ ಬರ್ಕೊಟ್ಟೋರು ನಾವು," ಎಂದರು. "ಎಲ್ಲಿ ಅಂತ ಕೇಳ್ಬೇಕಿತ್ತು. ಯಾರೂ ಕೇಳಲಿಲ್ಲ."

ಆಮೇಲೆ ವಿವರಿಸಿದರು. "ಮೈಯೊಳಗೆ ಕಾವಲುನಾಯಿಗಳಿವೆ ಅಂದ್ಕೊಳ್ಳಿ. ಹೊರಗಿಂದ ಬಂದೋರನ್ನ ಕಚ್ಚೋದು ಅವುಗಳ ಕೆಲಸ. ನೊರಜು ಕಚ್ಚಿದಾಗ ಅದರ ಎಂಜಲು ಒಳಗೆ ಹೋಗುತ್ತೆ. ನಾಯಿ ಆ ವಾಸನೆ ಹಿಡಿದು ಕಚ್ಚೋದು ಕಲಿಯುತ್ತೆ. ನಮ್ಮ ಚರ್ಮನ ಪದರ ಪದರವಾಗಿ ಅಂಟಿಸಿರೋ ಗೋಂದು ಒಂದಿದೆ. ಅದರ ವಾಸನೆನೂ ಸ್ವಲ್ಪ ಹಾಗೇ ಇರುತ್ತೋ ಏನೋ. ಕೆಲವರ ನಾಯಿಗಳಿಗೆ ವ್ಯತ್ಯಾಸ ಗೊತ್ತಾಗಲ್ಲ. ಕಳ್ಳರನ್ನ ಬಿಟ್ಟು ಮನೆಯವರನ್ನೇ ಕಚ್ಚುತ್ವೆ. ಗೋಂದು ಬಿಡುತ್ತೆ, ಚರ್ಮ ಏಳುತ್ತೆ."

"ಬೇಲೀನೇ ಎದ್ದು ಹೊಲ ಮೇದ ಹಾಗಾಯ್ತು," ಎಂದೆ.

"ಹೌದು. ಆದ್ರೆ ಬೇಲಿ ಕಿತ್ತು ಬಿಸಾಕೋ ಹಾಗಿಲ್ಲ, ಇಲ್ಲದಿದ್ರೆ ಊರಿನ ದನವೆಲ್ಲ ನುಗ್ಗುತ್ವೆ. ಮಾತ್ರೆ ಕೊಟ್ಟು ನಾಯಿಗೆ ಸ್ವಲ್ಪ ಮಂಪರು ಬರಿಸ್ತೀವಿ, ಅಷ್ಟೆ."

"ನೊರಜಿಂದಾನೇ ಅಂತ ಖಾತ್ರಿನಾ?" ನಾನು ಬಿಡಲಿಲ್ಲ.

"ಇಲ್ಲಮ್ಮ. ಬಲವಾದ ಅನುಮಾನ. ಹಳ್ಳದ ಪಕ್ಕ, ಹುಲ್ಲಿನ ಮನೆಯಲ್ಲಿ, ನೊರಜು ಕಚ್ಚಿಸ್ಕೊಂಡು ಇರೋರಲ್ಲೇ ಇದು ಜಾಸ್ತಿ. ಆದ್ರೆ ಕಚ್ಚಿಸ್ಕೊಂಡೋರಿಗೆಲ್ಲ ಬರಲ್ಲ. ನಿಮಗೂ ಕಚ್ಚಿದೆ, ನೀವು ಚೆನ್ನಾಗಿದ್ದೀರಿ. ರಕ್ತದಲ್ಲಿ ಏನೋ ಇರ್ಬೇಕು, ವಂಶದಲ್ಲಿ ಬರೋವಂಥದ್ದು."

ಜೆರ್ಸೀನಾ ಆಗ ಬಾಯಿಬಿಟ್ಟಳು. "ನನಗೊಬ್ಬಳು ಮಗಳಿದ್ದಾಳೆ ಡಾಕ್ಟ್ರೇ."

ಡಾಕ್ಟರು ಸುಳ್ಳು ಹೇಳಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ. "ಬರಲ್ಲ ಅಂತ ಹೇಳೋಕಾಗಲ್ಲ. ಬರುತ್ತೆ ಅಂತಾನೂ ಹೇಳಲ್ಲ. ರಕ್ತ ಬದಲಾಯಿಸೋದು ನನ್ನ ಕೈಲಿಲ್ಲ. ನೊರಜಿಂದ ಅವಳನ್ನ ದೂರ ಇಡೋದು ನಿಮ್ಮ ಕೈಲಿದೆ."

ಊರಿಗೆ ವಾಪಸಾದದ್ದು ಆಗಸ್ಟಿನಲ್ಲಿ. ಬಯಲೆಲ್ಲ ಒಣಗಿ ಕಡ್ಡಿಯಾಗಿತ್ತು, ದೂರದಲ್ಲಿ ಹೊಗೆ. ರಸ್ತೆ ಪಕ್ಕದ ಹೊಲದಲ್ಲಿ ಹತ್ತಾರು ಗಂಡಸರು ಸಾಲಾಗಿ ನಿಂತು ಸನಿಕೆಯಿಂದ ಹುಲ್ಲು ಕೆತ್ತಿ ಹಾಕುತ್ತಿದ್ದರು. ಬೆಂಕಿಗೆರೆ. ಮನೆಯ ಸುತ್ತ, ಹೊಲದ ಸುತ್ತ ಅಗಲವಾಗಿ ಬರಿನೆಲ ಬಿಟ್ಟರೆ ಓಡಿ ಬಂದ ಬೆಂಕಿ ಅಲ್ಲಿಗೆ ನಿಲ್ಲುತ್ತದೆ. ಪ್ರತಿ ವರ್ಷ ಎಲ್ಲರೂ ಸೇರಿ ಮಾಡುವ ಕೆಲಸ. ಜೆರ್ಸೀನಾ ಬಸ್ಸಿನ ಕಿಟಕಿಯಿಂದ ಅವರನ್ನು ನೋಡುತ್ತಲೇ ಇದ್ದಳು. ಬಸ್ಸು ದಾಟಿ ಹೋದ ಮೇಲೂ ಕತ್ತು ತಿರುಗಿಸಿ ನೋಡಿದಳು.

"ಕೊಮಾದ್ರೆ, ಅವರ ಹತ್ರ ಒಂದು ಕೊಡ ನೀರಾದ್ರೂ ಇತ್ತಾ?"

"ಕಾಡ್ಗಿಚ್ಚಿಗೆ ಯಾವ ಹುಚ್ಚ ನೀರು ಹೊರ್ತಾನೆ?" ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದ್ದೇನೆಂದು ನನಗೇ ಆಗ ಕೇಳಿಸಿತು. ಒಲೆಯ ಕಿಚ್ಚು ಬೇರೆ, ಕಾಡಿನ ಕಿಚ್ಚು ಬೇರೆ. ನಮ್ಮ ಹಿರಿಯರು ಸರಿಯಾದ ಹೆಸರನ್ನೇ ಇಟ್ಟಿದ್ದರು. ನಾವು ಅರ್ಧ ಹೆಸರು ಹಿಡಿದುಕೊಂಡು ನೀರಿಗಿಳಿದಿದ್ದೆವು.

ಊರು ಮುಟ್ಟಿದಾಗ ಝುಲ್ಮೀರಾ ಕೊಟ್ಟಿಗೆಯಲ್ಲಿದ್ದಳು. ತೋಳು ಮಡಚಿ, ಕಾಲು ನೀರಿನಲ್ಲಿ ಇಳಿಬಿಟ್ಟು ಹಾಡು ಗುನುಗುತ್ತಿದ್ದಳು. ಮೊಣಕೈ ಕೆಳಗೆ ಅಲ್ಲಲ್ಲಿ ಕೆಂಪು ಚುಕ್ಕೆ. ಜೆರ್ಸೀನಾ ಗಂಟು ಕೆಳಗೆ ಹಾಕಿ ಓಡಿಹೋಗಿ ಮಗಳ ರಟ್ಟೆ ಹಿಡಿದು ಎಳೆದಳು.

"ಮೇಲೇಳು! ಇನ್ಮೇಲೆ ಇಲ್ಲಿಗೆ ಬರಕೂಡದು."

"ಏನಮ್ಮ ನಿಂದು? ಇನ್ನೂ ಹಿಂಡೋದಿದೆ."

"ಕೊಟ್ಟಿಗೆ ಮೇಲೆ ದಿಬ್ಬಕ್ಕೆ ಹೋಗುತ್ತೆ."

"ದಿಬ್ಬದಲ್ಲಿ ನೀರು ಯಾರು ಕೊಡ್ತಾರೆ, ನಿನ್ನ ಡಾಕ್ಟ್ರಾ? ಹರಿಯೋ ನೀರಿಲ್ದೆ ಹಿಟ್ಟು ಬೆಳ್ಳಗಾಗುತ್ತಾ? ನೀನೇ ಹೇಳ್ಕೊಟ್ಟಿದ್ದು!" ಹುಡುಗಿಯ ಕಣ್ಣಲ್ಲಿ ನೀರು. "ನಿನಗೆ ಬಂತು ಅಂತ ನನಗೂ ಬರುತ್ತೆ ಅಂತ ದಿನಾ ಕಾಯ್ತಾ ಕೂತಿದ್ದೀಯ. ನಾನೇನು ಸತ್ತೋರ ಲೆಕ್ಕಾನಾ?"

ಜೆರ್ಸೀನಾ ಕೈ ಬಿಟ್ಟಳು. ಆ ಮಾತು ಅವಳಿಗೆ ಗುಳ್ಳೆಗಿಂತ ಹೆಚ್ಚು ಸುಟ್ಟಿತು, ನಾನು ಕಣ್ಣಾರೆ ಕಂಡೆ. "ಕಾಯ್ತಿಲ್ಲ ಕಣೇ," ಎಂದಳು. "ತಡೀತಿದ್ದೀನಿ."

ಕೊಟ್ಟಿಗೆ ಎತ್ತಿಡಲು ಊರಿನ ಜನ ಬೇಕು. ಊರಿನ ಜನ ಏಳಬೇಕಾದರೆ ಅಲ್ಮೆರಿಂದಾ ಅಜ್ಜಿ ಹೂಂ ಅನ್ನಬೇಕು. ಹಳ್ಳವನ್ನು ತಪ್ಪಿತಸ್ಥೆ ಮಾಡುವ ಮಾತು ಅವಳಿಗೆ ಹೇಗೆ ಹಿಡಿಸೀತು? ನಾವಿಬ್ಬರೂ ಹೋದಾಗ ಅಜ್ಜಿ ಬಾಗಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಶುರುವಾಯಿತು.

"ಫ್ರೆಸ್ಕಾ ಕಿಚ್ಚು ಹಚ್ತಾಳಾ? ಯಾವಳೇ ಅವಳು ಹೇಳಿದ್ದು? ನಿಮ್ಮಪ್ಪಂಗೆ ಜ್ವರ ಬಂದಾಗ ಇಳಿಸಿದ್ದು ಆ ನೀರೇ. ನಿನ್ನ ಹೊಕ್ಕುಳ ಬಳ್ಳಿ ತೊಳೆದಿದ್ದು ಆ ನೀರಲ್ಲೇ. ಓದಿದೋಳು ಬಂದು ಎರಡು ಮಾತು ಹೇಳಿದ್ಲಂತೆ, ಇವಳು ಹೆತ್ತ ನೀರಿಗೇ ಕಲ್ಲು ಹೊಡೀತಾಳಂತೆ!"

"ನೀರಲ್ಲ ಅಜ್ಜಿ, ನೊರಜು."

"ನೊರಜು ನನಗೆ ಕಚ್ಚಿಲ್ವಾ? ಎಂಬತ್ತು ದಾಟಿದೆ, ಬಾ, ಬೆನ್ನು ತೋರಿಸ್ಲಾ?"

"ನಿಮ್ಮ ನಾಯಿ ಒಳ್ಳೇದು ಅಜ್ಜಿ, ನಿಮ್ಮನ್ನ ಕಚ್ಚಲಿಲ್ಲ," ಎಂದು ನಾನು ನಡುವೆ ಬಾಯಿ ಹಾಕಿದೆ. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ, ನನ್ನನ್ನು ಕೆಕ್ಕರಿಸಿ ನೋಡಿದಳು.

ಜೆರ್ಸೀನಾ ಅಜ್ಜಿಯ ಮುಂದೆ ನೆಲದಲ್ಲಿ ಕೂತು, ಮಡಿಲಿನ ಬೀನ್ಸ್ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು. ಬಸ್ಸಿನಲ್ಲಿ ಕಂಡ ಬೆಂಕಿಗೆರೆಯ ಮಾತು ಹೇಳಿದಳು. "ನೀವೇ ಹೇಳಿ ಅಜ್ಜಿ. ಬಯಲಿಗೆ ಕಿಚ್ಚು ಬಿದ್ರೆ ನೀವು ಕೊಡ ಹಿಡ್ಕೊಂಡು ಓಡ್ತೀರಾ, ಸನಿಕೆ ಹಿಡ್ಕೊಂಡಾ?"

ಅಜ್ಜಿಯ ಕೈ ನಿಂತಿತು. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಆಮೇಲೆ ಅವಳು ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ.

"ನಿಮ್ಮಮ್ಮನ್ನ ಆ ಕಲ್ಲಿನ ಮೇಲೆ ಕೂರಿಸಿದ್ದು ನಾನೇ, ಮಗಾ."

ಅವಳ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಇದೇ ಎಂದು ಆಗ ಗೊತ್ತಾಯಿತು. ಜೆರ್ಸೀನಾಳ ಮಾತು ನಿಜವಾದರೆ ಮುದುಕಿ ಅದನ್ನು ಹೊತ್ತುಕೊಂಡು ಸಾಯಬೇಕಿತ್ತು. ನಾನಾಗಿದ್ದರೆ ಆ ಹೊತ್ತಿನಲ್ಲಿ ನಾಲಿಗೆ ಬಿಗಿಹಿಡಿಯುತ್ತಿದ್ದೆನೋ ಇಲ್ಲವೋ.

ಜೆರ್ಸೀನಾ ಅವಳ ಸುಕ್ಕುಗಟ್ಟಿದ ಕೈಯನ್ನು ತನ್ನ ಕಲೆಗಟ್ಟಿದ ಕೈಯಲ್ಲಿ ಹಿಡಿದಳು. "ಆಗ ಮಾತ್ರೆ ಇರಲಿಲ್ಲ ಅಜ್ಜಿ, ಏನೂ ಇರಲಿಲ್ಲ. ಅಮ್ಮ ನೀರಿಗಿಳಿದಾಗ ನಗ್ತಿದ್ಲು. ದಿನದಲ್ಲಿ ಅವಳು ನಗ್ತಿದ್ದಿದ್ದು ಅದೊಂದೇ ಹೊತ್ತು, ನನಗೆ ನೆನಪಿದೆ. ಅದನ್ನ ಕೊಟ್ಟೋರು ನೀವು. ನಾನು ಅಮ್ಮನ ಲೆಕ್ಕ ಕೇಳೋಕೆ ಬಂದಿಲ್ಲ. ಝುಲ್ಮೀರಾನ ಉಳಿಸ್ಕೊಡಿ ಅಂತ ಬಂದೆ."

ಅಜ್ಜಿ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. "ಸನಿಕೆ ತರಕ್ಕೆ ಹೇಳು ಹೋಗು. ಅಳ್ತಾ ಕೂತ್ರೆ ಬೀನ್ಸ್ ಬೇಯಲ್ಲ," ಎಂದಳು.

ಆ ಭಾನುವಾರ ಪೂಜೆ ಮುಗಿದ ಮೇಲೆ ಊರೇ ಬಂತು. ಹುಲ್ಲಿನ ಕೊಟ್ಟಿಗೆಯನ್ನು ಕಿತ್ತು, ತೊಟ್ಟಿಗಳನ್ನೂ ಚಕ್ರವನ್ನೂ ದಿಬ್ಬದ ಮೇಲೆ ಸಾಗಿಸಿದರು. ಹಳ್ಳಕ್ಕೂ ಮನೆಗಳಿಗೂ ನಡುವೆ ಬೆಂಕಿಗೆರೆ ಎಲ್ಲಿ ಎಂದು ತೋರಿಸಿದವಳು ಅಜ್ಜಿಯೇ, ಕೋಲೂರಿಕೊಂಡು ಮುಂದೆ ಮುಂದೆ ನಡೆದಳು. ಗಂಡಸರು ಹಿಂದೆ ಕೆತ್ತುತ್ತ ಬಂದರು. ಬರಿನೆಲದ ಗೆರೆಯಿಂದ ನೊರಜು ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಜನಕ್ಕೆ ನೊರಜಿನ ಎಂಜಲಿನ ಪಾಠ ಹೇಳಿದರೆ ನಾಳೆಗೆ ಮರೆಯುತ್ತಾರೆ, ಬೆಂಕಿಗೆರೆ ಎಂದರೆ ಹುಟ್ಟಿದ ಮಗುವೂ ದಾಟುವುದಿಲ್ಲ. ಗೆರೆಯ ಕೆಳಗೆ ಯಾರೂ ಮನೆ ಕಟ್ಟಬಾರದು, ಬೆಳಗ್ಗೆ ಸಂಜೆ ಅಲ್ಲಿ ಕೂರಬಾರದು, ಹೋಗಲೇಬೇಕಾದರೆ ಮೈತುಂಬ ಬಟ್ಟೆ. ಉದ್ದ ತೋಳಿನ ಅಂಗಿ ಹೊಲಿದು ಹೊಲಿದು ನನ್ನ ಯಂತ್ರದ ಪಟ್ಟಿಯೇ ಕಿತ್ತುಹೋಯಿತು. ಒನೊಫ್ರೆ ಬಿದಿರು ಸೀಳಿ ಮೇಲಿನ ಒರತೆಯಿಂದ ದಿಬ್ಬಕ್ಕೆ ನೀರು ಹರಿಸಿದ.

ಮೊದಲ ಸಲದ ಹಿಟ್ಟು ಬೂದಿಬಣ್ಣಕ್ಕೆ ಬಂತು. "ನೋಡು, ಇದನ್ನ ನಿನ್ನ ಡಾಕ್ಟ್ರಿಗೆ ಕಳಿಸು, ಸುಣ್ಣ ಹೊಡ್ಕೊಳ್ಳಿ," ಎಂದು ಝುಲ್ಮೀರಾ ಮುಖ ಊದಿಸಿಕೊಂಡಳು. ಮಳೆ ಬಂದು ಒರತೆ ತುಂಬಿ ಹರಿದು ತಿಳಿಯಾದ ಮೇಲೆ ಹಿಟ್ಟು ಮತ್ತೆ ಬೆಳ್ಳಗಾಯಿತು. ಮಗಳ ಮುಖ ತಿಳಿಯಾಗಲು ಇನ್ನೂ ಕಾಲ ಹಿಡಿಯಿತು.

ಗೆರೆ ಎಳೆದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಗೆರೆಯನ್ನು ಒಂದು ದಿನವೂ ದಾಟದ ಬಡಗಿಯೊಬ್ಬನಿಗೆ ಮುಂದೆ ಕಿಚ್ಚು ಹತ್ತಿತು. ಪಾಪ, ಎಲ್ಲಿಂದ ಬಂತೋ. ಜೆರ್ಸೀನಾಗೂ ಮತ್ತೊಂದು ಸಲ ಎದೆಯ ಮೇಲೆ ಎದ್ದಿತು, ಆದರೆ ಮಾತ್ರೆಗೆ ಬೇಗ ತಗ್ಗಿತು. ಆಮೇಲೆ ತಿರುಗಿ ಬರಲಿಲ್ಲ. ಅಲ್ಮೆರಿಂದಾ ಅಜ್ಜಿ ತೀರಿಕೊಂಡಾಗ, ಅವಳ ಆಸೆಯಂತೆ, ಫ್ರೆಸ್ಕಾದ ನೀರಿನಲ್ಲೇ ಅವಳ ಮೈ ತೊಳೆದೆವು. ಜೆರ್ಸೀನಾ ಉದ್ದ ತೋಳಿನ ಅಂಗಿ ತೊಟ್ಟು ಗೆರೆ ದಾಟಿ ಹೋಗಿ ತಾನೇ ನೀರು ತಂದಳು.

ಶನಿವಾರದ ಬೆನ್ನು ನೋಡುವುದು ಮಾತ್ರ ನಿಲ್ಲಲಿಲ್ಲ. ಝುಲ್ಮೀರಾಗೆ ಮದುವೆಯಾಯಿತು, ಅಳಿಯ ನನ್ನ ಹತ್ತಿರ ಬಂದು, "ನನ್ನ ಹೆಂಡ್ತಿ ಬೆನ್ನು ನಾನೇ ಅಷ್ಟು ನೋಡಿಲ್ಲ, ನಿಮ್ಮ ಕೊಮಾದ್ರೆಗೆ ಸ್ವಲ್ಪ ಹೇಳಿ," ಎಂದು ಗೋಗರೆದ. "ನೀನೂ ನೋಡೋಕೆ ಕಲ್ತ್ಕೋ, ಪುಣ್ಯ ಬರುತ್ತೆ," ಎಂದು ಕಳಿಸಿದೆ. ಝುಲ್ಮೀರಾ ಗೊಣಗುವುದನ್ನು ಬಿಟ್ಟಿದ್ದಳು. ಶನಿವಾರ ಬಂತೆಂದರೆ ತಾನಾಗಿ ಬಂದು ಕಿಟಕಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅವಳಿಗೆ ಹೆಣ್ಣು ಹುಟ್ಟಿದ ಮೇಲೆ ಅಮ್ಮನ ಮೇಲಿನ ಸಿಟ್ಟು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಇಷ್ಟು ವರ್ಷದ ಮಾತ್ರೆ ಜೆರ್ಸೀನಾಳ ಮೂಳೆ ತಿಂದಿತ್ತು, ಕಣ್ಣಿಗೆ ಪೊರೆ ಬಂತು. ಕೊನೆಯಲ್ಲಿ ಎದೆ ಸೋತು ಮಲಗಿದಳು. ಅವಳಿಗೆ ಆಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನೂ ಝುಲ್ಮೀರಾಳೂ ಅವಳ ಪಕ್ಕದಲ್ಲಿದ್ದೆವು. ಮಾತು ಕ್ಷೀಣವಾಗಿತ್ತು.

"ಕೊಮಾದ್ರೆ, ಇವತ್ತು ಯಾವ ವಾರ?"

ಅವತ್ತು ಬುಧವಾರ. ನಾನು ಬಾಯಿ ತೆರೆಯುವ ಮೊದಲೇ ಝುಲ್ಮೀರಾ, "ಶನಿವಾರ ಅಮ್ಮ," ಎಂದಳು. ಮಂಚದ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತಳು, ಗುಂಡಿ ಬಿಚ್ಚಿ ಅಂಗಿ ಇಳಿಸಿದಳು, ಅಮ್ಮನ ಕೈ ಹಿಡಿದು ತನ್ನ ಕುತ್ತಿಗೆಯ ಕೆಳಗೆ ಇಟ್ಟಳು.

ಬೆರಳು ನಿಧಾನವಾಗಿ ಇಳಿಯಿತು. ಭುಜ, ಬೆನ್ನೆಲುಬು, ಪಕ್ಕೆ, ಸೊಂಟ. ಎಲ್ಲಿಯೂ ನಿಲ್ಲಲಿಲ್ಲ. ಗೆರೆ ಎಳೆದದ್ದರಿಂದ ಆ ಬೆನ್ನು ಉಳಿಯಿತೋ, ಅಥವಾ ಅವಳ ಹಣೆಯಲ್ಲಿ ಕಿಚ್ಚು ಬರೆದೇ ಇರಲಿಲ್ಲವೋ, ಯಾವ ಡಾಕ್ಟರೂ ಹೇಳಲಾರರು. ಬಂದ ಬೆಂಕಿಯನ್ನು ತೋರಿಸಬಹುದು, ಬಾರದೆ ಹೋದದ್ದನ್ನು ಹೇಗೆ ತೋರಿಸುವುದು? ಝುಲ್ಮೀರಾ ಸದ್ದಿಲ್ಲದೆ ಅಳುತ್ತಿದ್ದಳು, ಬೆನ್ನು ಅಲುಗದ ಹಾಗೆ ಹಲ್ಲು ಕಚ್ಚಿಕೊಂಡು.

ಜೆರ್ಸೀನಾಳ ಅಂಗೈ ಮಗಳ ಬೆನ್ನಿನ ನಡುವೆ ಪೂರ್ತಿ ಊರಿ ನಿಂತಿತು. ಇಷ್ಟು ವರ್ಷ ಹಿಡಿದಿಟ್ಟಿದ್ದ ಉಸಿರನ್ನು ಅವಳು ಬಿಟ್ಟಳು.

"ತಣ್ಣಗಿದೆ," ಎಂದಳು.